ಮೈಲಾರಿ ಯಾರ ಹೊಲದಾಗ ಅದಾನ

ಆ ಸೋಮವಾರ ಬೆಳಿಗ್ಗೆ ಅಕ್ಕ ಕಣ್ಣು ಬಿಟ್ಟವಳೇ, ಮೈಲಾರಿ ಬಂದನೇ ಎಂದು ಕೇಳಿದಳು.

ಹಿಂದಿನ ದಿನ ಹರಪನಹಳ್ಳಿಯ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ, ನೋಡಬೇಕಾದವರೆಲ್ಲ ನೋಡಿಕೊಳ್ಳಲಿ ಎಂದು ಹೇಳಿ ಕಳಿಸಿದ್ದರು. ನೋಡಬೇಕಾದವರೆಲ್ಲ ಬಂದು ನೋಡಿದರು. ಊರಿಗೆ ಊರೇ ಬಂತು. ಬಂದವರಿಗೆ ಚಹಾ ಕಾಸಿ ಕಾಸಿ ನಮ್ಮ ಮನೆಯ ಸಕ್ಕರೆ ತೀರಿತು, ಅಂಗಡಿಯ ಸಕ್ಕರೆ ತೀರಿತು, ಇನ್ನು ಇರುವೆಗಳನ್ನೇ ಕೇಳಿ ಇಸಿದುಕೊಳ್ಳಬೇಕಾಗಿತ್ತು. ಬಾರದವನು ಒಬ್ಬನೇ. ಅಕ್ಕ ಕೊಟ್ರಬಸಮ್ಮ ಹೆತ್ತಿದ್ದೂ ಆ ಒಬ್ಬನನ್ನೇ, ಮೈಲಾರೇಶನನ್ನು.

ಅವನು ಕುರಿ ಹೊಡೆದುಕೊಂಡು ಹೊಳೆ ಸಾಲಿಗೆ ಹೋಗಿದ್ದ. ಬೆಳೆ ಕೊಯ್ದ ಮೇಲೆ ತುಂಗಭದ್ರೆಯ ದಂಡೆಯ ರೈತರು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸುತ್ತಾರೆ. ಕುರಿ ಮಲಗೆದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಒಂದು ಹೊಲ ಮುಗಿದರೆ ಇನ್ನೊಂದು ಹೊಲ, ಒಂದು ಊರು ಮುಗಿದರೆ ಇನ್ನೊಂದು ಊರು. ಜೊತೆಗೆ ಎರಡು ನಾಯಿ ಬಿಟ್ಟರೆ ಅವನಿಗೆ ಯಾರೂ ಇಲ್ಲ. ಕುರಿಗೆ ನೀರು ಕುಡಿಸುವಾಗ ಅವನ ಫೋನು ಕಾಲುವೆಗೆ ಬಿದ್ದಿತ್ತು. ಯಾರದೋ ಫೋನಿನಿಂದ ಒಮ್ಮೆ ಮಾಡಿ, ಹೊಸದು ಕೊಂಡ ಮೇಲೆ ಮಾಡುತ್ತೇನೆ ಎಂದಿದ್ದ. ಆ ನಂಬರಿಗೆ ಮಾಡಿದರೆ ಒಬ್ಬ ಹೊಟ್ಟಿನ ವ್ಯಾಪಾರಿ ಎತ್ತಿ, ತಾನೀಗ ರಾಣೇಬೆನ್ನೂರಿನಲ್ಲಿದ್ದೇನೆ, ಯಾವ ಮೈಲಾರಿ, ಯಾವ ಕುರಿ ಎಂದು ನಮ್ಮನ್ನೇ ಕೇಳಿದ.

ಸೊಸೆ ರೇಣುಕಾ ಚಮಚದಲ್ಲಿ ನೀರು ಹಿಡಿದಳು. ಅಕ್ಕ ತುಟಿ ಬಿಗಿದಳು.

“ಒಲ್ಲೆ. ಅವನ ಮುಖ ನೋಡೇ ಕುಡಿತೀನಿ. ಕೊನೇ ನೀರು ಅವನಾ ಬಿಡ್ಲಿ.”

“ಅವನು ಬರೋತನಕ ಒಣಗಿ ಕೊಬ್ಬರಿ ಆಗ್ತಿ, ಯಕ್ಕಾ,” ಅಂದೆ ನಾನು.

“ಆಗ್ಲಿ. ನಿನ್ನಂಗ ಕೊಳತ ಕಾಯಿ ಆಗೋದಕ್ಕಿಂತ ಚಲೋ.”

ಸಾಯುವವಳ ಬಾಯಿ ಹೀಗಿತ್ತು. ಅದನ್ನು ಕೇಳಿ ನನಗೆ ಧೈರ್ಯ ಬಂತು. ಇಷ್ಟು ಬೈಯುವವಳಿಗೆ ಇನ್ನೂ ಮಗನ ಗುರುತು ಸಿಗುತ್ತದೆ. ಗುರುತು ಸಿಗುವಷ್ಟು ಹೊತ್ತಿನಲ್ಲಿ ಅವನು ಬಂದು ನಿಂತರೆ ಸಾಕು, ಮುಂದಿನದು ಅವಳ ಹಣೆಬರಹ. ಕೇರಿಯ ಇಬ್ಬರು ಬೈಕು ಹತ್ತಿ ಹೊಳೆ ಸಾಲಿಗೆ ಹುಡುಕಲು ಆಗಲೇ ಹೋಗಿದ್ದರು. ಆದರೆ ಹೊಳೆ ಸಾಲೆಂದರೆ ಒಂದು ಬೀದಿಯೇ? ಹಡಗಲಿ ಕಡೆಯಿಂದ ಹಿಡಿದು ಹೊಳೆಯುದ್ದಕ್ಕೂ ಹೊಲದ ಮೇಲೆ ಹೊಲ, ಕುರಿ ಹಿಂಡಿನ ಮೇಲೆ ಕುರಿ ಹಿಂಡು. ನಮ್ಮ ಅಪ್ಪನ ಕಾಲದಿಂದ ಹುಡುಕುತ್ತಾ ಬಂದಿದ್ದರೂ ಮುಗಿಯುತ್ತಿರಲಿಲ್ಲ.

ಮೈಲಾರಿ ಯಾವ ಹೊಲದಲ್ಲಿದ್ದಾನೆ ಎಂದು ಗೊತ್ತಿರುವುದು ಒಂದಕ್ಕೇ. ಹರಪನಹಳ್ಳಿ ಹತ್ತಿರದ ಅರಸೀಕೆರೆಯಲ್ಲಿ ನಮ್ಮ ಕರಿಕಂಬಳಿ ಕುರಿಗಾರರ ಸಂಘ ಇದೆ. ಕುರಿ ಬೇಕಾದ ಹೊಲದವರು ಸಂಘಕ್ಕೆ ಫೋನು ಮಾಡುತ್ತಾರೆ. ಸೆಕ್ರೆಟರಿ ಪಾಲಾಕ್ಷಪ್ಪ ಇಂಥವರ ಹೊಲಕ್ಕೆ ಇಂಥವರ ಕುರಿ ಎಂದು ಕಂಪ್ಯೂಟರಿಗೆ ಹಾಕುತ್ತಾನೆ. ಹೊಲದವರ ಹೆಸರು, ಊರು, ನಂಬರು ಎಲ್ಲ ಅದರ ಹೊಟ್ಟೆಯಲ್ಲಿ.

ಅಕ್ಕನ ಕಿವಿಗೆ ಬಾಗಿ, “ನಿನ್ನ ಮಗನ್ನ ಕರೆಸ್ತೀನಿ. ಅಲ್ಲಿ ತನಕ ಎಲ್ಲಿಗೂ ಹೋಗಬ್ಯಾಡ,” ಎಂದೆ.

“ದಾರಿಯಾಗ ಮಾತಿಗೆ ಒಬ್ರು ಸಿಕ್ಕರ ನೀ ಮುಂದಿನ ವರ್ಷ ಬರ್ತಿ,” ಎಂದಳು.

*

ಸೋಮವಾರ ಸಂಘದ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ಪಾಲಾಕ್ಷಪ್ಪನ ಮನೆಗೇ ಹೋದೆ. ಅವನು ಒಗ್ಗರಣೆ ಮಂಡಕ್ಕಿಯ ಗುಡ್ಡ ಹಾಕಿಕೊಂಡು ಕೂತಿದ್ದ. ಆ ಗುಡ್ಡದ ಆಚೆ ಕೂತಿದ್ದ ಅವನ ಹೆಂಡತಿ ನನಗೆ ಕಾಣಲಿಲ್ಲ. ವಿಷಯ ಹೇಳಿದೆ. ಒಳ್ಳೆಯವನು, ತಟ್ಟೆ ಬಿಟ್ಟು ಎದ್ದ, ಕೈ ಮಾತ್ರ ನಡೆಯುತ್ತಾ ಒರೆಸಿಕೊಂಡ.

“ಹಾಲಕ್ಕ, ಐದು ನಿಮಿಷದ ಕೆಲಸ. ಹೆಸರು ಒತ್ತಿದ್ರ ಬರ್ತೈತಿ,” ಎಂದ.

“ಅಲ್ಲೋ, ಹಾಕಿದವನು ನೀನಾ. ಯಾರ ಹೊಲಕ್ಕ ಕಳಿಸಿದಿ ಅಂತ ನೆನಪಿಲ್ಲೇನು?”

“ಹೊಳಿ ಸಾಲು ಅಂತ ನೆನಪೈತಿ. ಮೊದಲು ಎಲ್ಲಾ ತಲಿಯಾಗ ಇರ್ತಿತ್ತು. ಇದು ಬಂದ ಮ್ಯಾಲ ತಲಿಗೆ ಕೆಲಸ ತಪ್ಪೇತಿ.”

“ತಲಿಗೆ ತಪ್ಪಿದ್ದು ಹೊಟ್ಟಿಗೆ ಹೋಗೇತಿ,” ಎಂದೆ.

ಬೀಗ ತೆಗೆದ. ಮೊದಲು ಅವನ ಹೊಟ್ಟೆ ಒಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಅವನೂ ಹೋದ. ಕಂಪ್ಯೂಟರಿನ ಮೇಲೆ ಹೊದೆಸಿದ್ದ ಟವೆಲ್ ತೆಗೆದು, ಕೈ ಮುಗಿದು, ಗುಂಡಿ ಒತ್ತಿದ. ಅದು ಕೆಮ್ಮುತ್ತಾ ಎದ್ದಿತು. ಪರದೆಯ ಮೇಲೆ ಕುರಿಯ ಚಿತ್ರ ಬಂತು. ಪಾಲಾಕ್ಷಪ್ಪ ಒಂದೊಂದೇ ಅಕ್ಷರ ಹುಡುಕಿ, ಹೇನು ಕುಟ್ಟಿದ ಹಾಗೆ ಕುಟ್ಟಿ ಮೈಲಾರೇಶನ ಹೆಸರು ಬರೆದ. ಕುರಿ ಮಾಯವಾಗಿ ಒಂದು ಕೆಂಪು ಪಟ್ಟಿ ಬಂತು.

“ಏನಂತೈತಿ?”

“ಕನೆಕ್ಟ್ ಆಗವಲ್ದು ಅಂತೈತಿ.”

ಮತ್ತೆ ಒತ್ತಿದ. ಮತ್ತೆ ಕೆಂಪು ಪಟ್ಟಿ. ಆರಿಸಿ ಹಚ್ಚಿದ. ಆರಿಸಿ ಟವೆಲ್ ಹೊದೆಸಿ, ತೆಗೆದು, ಹಚ್ಚಿದ. ಆ ಕೆಂಪು ಪಟ್ಟಿಯನ್ನು ನೋಡಿ ನೋಡಿ ನನ್ನ ಕಣ್ಣೂ ಕೆಂಪಾಯಿತು.

ಇದನ್ನೆಲ್ಲ ಮಾಡಿಕೊಟ್ಟವನು ಕೂಡ್ಲಿಗಿಯ ಗಾದೆಪ್ಪ. ಎಲ್ಲಿಯದೋ ಹಳೆಯ ಕಂಪ್ಯೂಟರ್ ತಂದು, ಅದಕ್ಕೆ ಲಿನಕ್ಸ್ ಎಂಬುದನ್ನು ಹಾಕಿ, ನಮ್ಮ ಕುರಿ ಲೆಕ್ಕಕ್ಕೆಂದೇ ಪ್ರೋಗ್ರಾಮು ಬರೆದುಕೊಟ್ಟಿದ್ದ. ಪಾಲಾಕ್ಷಪ್ಪ ಅವನಿಗೆ ಫೋನು ಹಚ್ಚಿದ. ಸ್ವಿಚ್ ಆಫ್.

“ಸೋಮಾರ ಸೋಮಾರ ಕೂಡ್ಲಿಗಿಯಿಂದ ಕೊಟ್ಟೂರಿಗೆ ನಡಕೊಂಡು ಹೋಗ್ತಾನ, ಹರಕಿ. ಗುಡಿ ಮುಟ್ಟೋತನಕ ಫೋನು ಹಚ್ಚಂಗಿಲ್ಲ ಅಂವ,” ಎಂದ ಪಾಲಾಕ್ಷಪ್ಪ.

“ಯಾವಾಗ ಮುಟ್ತಾನ?”

“ಬಿಸಿಲು ಇಳಿಯೋ ಹೊತ್ತಿಗೆ.”

ಇನ್ನೂ ಬಿಸಿಲು ಏರಿಯೇ ಇರಲಿಲ್ಲ. ಇನ್ಯಾರನ್ನಾದರೂ ಕರೆಸು ಎಂದೆ. ಹರಪನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಪ್ರವೀಣಕುಮಾರ್ ಎಂಬವನಿಗೆ ಹೇಳಿದ. ಅವನು ಬೈಕಿನಲ್ಲಿ ಹೊರಟು ಬರುವಷ್ಟರಲ್ಲಿ ನಾನು ಸಂಘದ ಬಾಗಿಲಿಗೂ ರಸ್ತೆಗೂ ನಡುವೆ ಕಾಶಿಗೆ ಹೋಗಿ ಬರುವಷ್ಟು ನಡೆದೆ.

*

ಪ್ರವೀಣಕುಮಾರನ ಪ್ಯಾಂಟು ಹೊಲಿದದ್ದಲ್ಲ, ಕಾಲಿಗೆ ಬಳಿದದ್ದು. ಕೂರುವಾಗ ಹರಿದರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಹರಿಯಲಿಲ್ಲ. ಕೆಂಪು ಪಟ್ಟಿಯನ್ನು ಓದಿದ, ತಲೆ ಕೆರೆದ.

“ಸರ್, ಇದು ಲಿನಕ್ಸ್ ಐತಲ್ರಿ. ನಮ್ಮ ಅಂಗಡಿಗೆ ಬರೋದೆಲ್ಲಾ ವಿಂಡೋಸ್.”

“ಎಮ್ಮಿ ನೋಡಿದ ಡಾಕ್ಟರು ಆಕಳನ್ನೂ ನೋಡ್ತಾರಲ್ಲ, ನೀನೂ ನೋಡಪ್ಪ ತಮ್ಮಾ,” ಎಂದೆ.

ಅವನು ಚಿತ್ರವನ್ನೆಲ್ಲ ಮುಚ್ಚಿ ಪರದೆಯನ್ನು ಕಪ್ಪು ಮಾಡಿದ. ಕಪ್ಪಿನ ಮೇಲೆ ಬಿಳಿ ಅಕ್ಷರ ಸುರಿಯತೊಡಗಿತು, ಚೀಲ ಹರಿದು ಸಜ್ಜೆ ಸುರಿದಂತೆ. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟ.

“ಸಿಕ್ತು ನೋಡ್ರಿ. ಸಾಲಿನ ಮೊದಲಿಗೇ ಡ್ರೈವರ್ ಹೆಸರು ಐತಿ. ಆಮೇಲೆ ಕನೆಕ್ಟ್ ಆಗಲಿಲ್ಲ ಅಂತೈತಿ. ತಪ್ಪು ಡ್ರೈವರ್‌ದು.”

ನನಗೆ ಡ್ರೈವರ್ ಎಂದರೆ ತೆಲಿಗಿ ಬಸ್ಸಿನವನೇ ಗೊತ್ತು. ಮುಖ ನೋಡಿ ಅವನೇ ಬಿಡಿಸಿ ಹೇಳಿದ.

“ಅಜ್ಜಿ, ಹಿಂಗ ತಿಳಕೊಳ್ರಿ. ಈ ಪರದಿ ಅಂದ್ರ ಪಡಸಾಲಿ. ನಿಮ್ಮ ಕುರಿ, ಹೊಲ, ನಂಬರು ಎಲ್ಲಾ ಒಳಕೋಣಿಯಾಗ ಅದಾವ, ಅದಕ್ಕ ಡೇಟಾಬೇಸ್ ಅಂತಾರ. ಪಡಸಾಲಿಯಾಗ ಕುಂತವರು ಕೇಳಿದ್ದನ್ನ ಒಳಗ ಹೋಗಿ ತಂದು ಕೊಡೋನು ಡ್ರೈವರ್.”

“ಸೊಸಿ ಅನ್ನು.”

“ಹೂಂ, ಸೊಸಿ ಅನ್ರಿ.”

“ಸೊಸಿಗೆ ಏನಾಗೇತಿ?”

“ಕೆಟ್ಟಾಳ್ರಿ. ತೆಗದು ಹೊಸಾಕಿನ್ನ ತರ್ಬೇಕು.”

ಪಾಲಾಕ್ಷಪ್ಪ ಹೊಟ್ಟೆಯ ಮರೆಯಲ್ಲಿ ಪಾಸ್ವರ್ಡ್ ಒತ್ತಿಕೊಟ್ಟ. ಪ್ರವೀಣಕುಮಾರ್ ಹಳೆಯ ಡ್ರೈವರನ್ನು ಕಿತ್ತು ಹಾಕಿದ. ಹೊಸದನ್ನು ಇಂಟರ್ನೆಟ್‌ನಿಂದ ಇಳಿಸಬೇಕಂತೆ. ತನ್ನ ಫೋನನ್ನು ಕಿಟಕಿಯಲ್ಲಿಟ್ಟ. ಅಲ್ಲಿ ನೆಟ್‌ವರ್ಕ್ ಇಲ್ಲ. ಬಾಗಿಲಲ್ಲಿಟ್ಟ. ಅಲ್ಲಿಯೂ ಇಲ್ಲ. ಕೊನೆಗೆ ಪಾಲಾಕ್ಷಪ್ಪ ಫೋನು ಹಿಡಿದು ಕುರ್ಚಿಯ ಮೇಲೆ ನಿಂತ. ಆ ಕುರ್ಚಿ ಅತ್ತ ಸದ್ದು ನನಗೆ ಇನ್ನೂ ಕೇಳುತ್ತದೆ. ಪರದೆಯ ಮೇಲೆ ಒಂದು ಗೆರೆ ಎಡದಿಂದ ಬಲಕ್ಕೆ ತೆವಳತೊಡಗಿತು. ಬಸವನಹುಳು ಅದರ ಮುಂದೆ ಕುದುರೆ.

ರೇಣುಕಾಳ ಫೋನು ಬಂತು.

“ಸಣ್ಣತ್ತಿ, ಸಿಕ್ತೇನ್ರಿ?”

“ಸಿಗ್ತೈತವ್ವ, ಸೊಸಿ ಬದಲು ಮಾಡಾಕಹತ್ಯಾರ. ಅಕ್ಕ ಏನಂತಾಳ?”

“ಮೈಲಾರಿ ಎಲ್ಲಿ ಅಂತಾರ. ಬಾಗಿಲಾಗ ನೆರಳು ಬಿದ್ರ ಸಾಕು, ತಲಿ ಎತ್ತತಾರ. ನೀರು ಮಾತ್ರ ಒಲ್ಲೆ ಅಂತಾರ.”

“ತಲಿ ಎತ್ತತಾಳಲ್ಲ, ಆಗ್ಲಿ,” ಎಂದೆ. ನನಗಿಂತ ಮೂರು ಪಟ್ಟು ಗಟ್ಟಿ ಅವಳು. ಹಿಂದೊಮ್ಮೆ ಹಾವು ಕಚ್ಚಿದಾಗ ಹಾವಿಗೇ ಔಷಧಿ ಕೊಡಿಸಬೇಕಾಯಿತು ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಗೆರೆ ಬಲಕ್ಕೆ ಮುಟ್ಟಿತು. ಪಾಲಾಕ್ಷಪ್ಪ ಕುರ್ಚಿಯಿಂದ ಇಳಿದ. ಪ್ರವೀಣಕುಮಾರ್ ಹೊಸ ಡ್ರೈವರ್ ಹಾಕಿ ಒತ್ತಿದ. ಈಗ ಬೇರೆಯೇ ಸಾಲು ಬಂತು. ಅದನ್ನು ಓದಿ ಅವನ ಮುಖ ಸಣ್ಣದಾಯಿತು.

“ಡ್ರೈವರ್ ಫೈಲೇ ಇಲ್ಲ ಅಂತೈತ್ರಿ. ಇಲ್ಲೇ ಐತಿ, ನೋಡ್ರಿ, ನನ್ನ ಕಣ್ಣ ಮುಂದ ಐತಿ.”

“ಕಣ್ಣ ಮುಂದ ಇದ್ರ ಅದರ ಕಣ್ಣಿಗೆ ಯಾಕ ಕಾಣವಲ್ದು?”

“ಗೊತ್ತಿಲ್ರಿ ಅಜ್ಜಿ.”

ಆ ಮಾತು ಕೇಳಿದಾಗ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆವರು ಅವನ ಗದ್ದದಿಂದ ಕೀಲಿಮಣೆಯ ಮೇಲೆ ಬೀಳುತ್ತಿತ್ತು. ಅವನು ಮತ್ತೊಂದು ಇಳಿಸಿದ. ಅದೂ ಹಾಗೆಯೇ ಎಂದಿತು. ಅವನು ಏನು ಮಾಡಿದರೂ ಆ ಪೆಟ್ಟಿಗೆ ಇಲ್ಲ, ಆಗುವುದಿಲ್ಲ, ಗೊತ್ತಿಲ್ಲ ಎಂದು ಮೂರೇ ಮಾತು ಆಡಿತು. ಅಂಥದ್ದರ ಜೊತೆ ಜಗಳವಾದರೂ ಹೇಗೆ ಆಡುವುದು. ಬೈದರೆ ತಿರುಗಿ ಬೈಯುವುದಿಲ್ಲ. ಕೈ ಮುಗಿದರೆ ಕರಗುವುದಿಲ್ಲ. ಊರಿನ ಯಾರ ಬಾಯಿಗೂ ಹೆದರದ ನಾನು ಅದರ ಮುಂದೆ ಬೆಂಚಿನ ಮೇಲೆ ಸೆರಗು ಹಿಂಡುತ್ತಾ ಕೂತೆ. ಮೈಲಾರಿ ಎಲ್ಲಿದ್ದಾನೆ ಎಂಬುದು ಒಂದು ಕೈ ಅಳತೆಯಲ್ಲಿ ಆ ಡಬ್ಬಿಯೊಳಗಿತ್ತು. ಕೈ ಹಾಕಿದರೆ ಸಿಗದು, ಒಡೆದರೂ ಸಿಗದು.

ಹುಡುಕಲು ಹೋದವರು ದಾರಿಯಿಂದ ಫೋನು ಮಾಡಿದರು. ಕಂಡ ಹಿಂಡನ್ನೆಲ್ಲ ಕೇಳಿದ್ದಾರಂತೆ. ಒಬ್ಬ ಕುರಿಗಾರ ಮೈಲಾರಿ ಮೇಲಕ್ಕೆ ಹೋದ ಎಂದನಂತೆ, ಇನ್ನೊಬ್ಬ ಕೆಳಕ್ಕೆ ಹೋದ ಎಂದನಂತೆ.

ರೇಣುಕಾ ಮತ್ತೆ ಮಾಡಿದಳು. ಈ ಸಲ ದನಿ ಬೇರೆಯಿತ್ತು.

“ನನ್ನ ಹಿಡಕೊಂಡು ಅವ್ವ ಅಂತಾರ್ರಿ. ಅವರ ಅವ್ವ ಅಂತ ತಿಳಕೊಂಡಾರ.”

“ನೀನು ನಮ್ಮವ್ವನಷ್ಟು ಚೆಂದ ಎಲ್ಲದೀ,” ಎನ್ನಲು ಹೋದೆ. ಅದನ್ನು ಬಿಟ್ಟು ಬೇರೆ ಕೇಳಿದೆ. “ಮೈಲಾರಿ ಎಲ್ಲಿ ಅಂತ ಕೇಳ್ತಾಳೇನು?”

“ಆಗ ಕೇಳಿದ್ರು. ಈಗ ಕೇಳವಲ್ರು.”

*

ಬಿಸಿಲು ವಾಲಿದ ಮೇಲೆ ಗಾದೆಪ್ಪ ತಾನೇ ಫೋನು ಮಾಡಿದ. ಹಿಂದೆ ಗುಡಿಯ ಗಂಟೆ ಬಡಿಯುತ್ತಿತ್ತು. ಪಾಲಾಕ್ಷಪ್ಪ ಅವನ ದನಿ ಎಲ್ಲರಿಗೂ ಕೇಳುವಂತೆ ಮಾಡಿ ನಡೆದದ್ದನ್ನೆಲ್ಲ ಹೇಳಿದ.

“ಪಾಲಾಕ್ಷಪ್ಪಾರ, ಇವತ್ತು ಸಂಘ ಯಾಕ ತೆಗದ್ರಿ?”

“ಹೇಳಿದೆನಲ್ಲೋ, ಒಬ್ಬಾಕಿ ಸಾಯಕತ್ಯಾಳ.”

“ಅದಲ್ರಿ. ಸೋಮಾರ ನೀವು ಎತ್ತು ಹೂಡ್ತೀರೇನು?”

“ಇಲ್ಲ.”

“ಸಂಘ ಸುರು ಮಾಡಿದಾಗ ನಿಮ್ಮ ಹಿರೇರು ನನಗ ಏನಂದ್ರು? ನಮಗ ದುಡಿಯೋ ಯಾವುದರ ಹೆಗಲಿಗೂ ಸೋಮಾರ ನೊಗ ಇಡಂಗಿಲ್ಲ, ಈ ಪೆಟಿಗಿಗೂ ಬಿಡುವು ಕೊಡು ಅಂದ್ರು. ನಾನೂ ಬಸವಣ್ಣನ ಭಕ್ತ, ಕೊಟ್ಟೆ. ಐತಾರ ಹೊತ್ತು ಮುಣುಗಿದ್ರ ಡೇಟಾಬೇಸ್ ತಾನಾ ಮಲಗ್ತೈತಿ. ಮಂಗಳಾರ ಬೆಳಿಗ್ಗೆ ತಾನಾ ಏಳ್ತೈತಿ.”

ಪಾಲಾಕ್ಷಪ್ಪ ನನ್ನ ಮುಖ ನೋಡಿದ, ನಾನು ಪ್ರವೀಣಕುಮಾರನ ಮುಖ ನೋಡಿದೆ, ಅವನು ಪೆಟ್ಟಿಗೆಯ ಮುಖ ನೋಡಿದ. ಯಾವ ಸೋಮವಾರವೂ ಸಂಘದ ಬೀಗ ತೆಗೆದಿರಲಿಲ್ಲ. ಹಾಗಾಗಿ ಅದು ಮಲಗುವುದು ಯಾರಿಗೂ ಗೊತ್ತಿರಲಿಲ್ಲ. ಎಬ್ಬಿಸಿದ್ದರೆ ಬೆಳಿಗ್ಗೆಯೇ ಏಳುತ್ತಿತ್ತು.

“ಮತ್ತ ಅಣ್ಣಾ,” ಎಂದ ಪ್ರವೀಣಕುಮಾರ್, ಅಳುವವನ ಹಾಗೆ, “ಎರರ್‌ನಾಗ ಡ್ರೈವರ್ ಹೆಸರೇ ಇತ್ತಲ್ಲ?”

“ಅದು ಹೇಳಿದವನ ಹೆಸರಪ್ಪ. ಒಳಗ ಯಾರೂ ಎದ್ದಿಲ್ಲ, ಬಾಗಿಲು ಹಾಕೇತಿ ಅಂತ ಅವನು ಬಂದು ಹೇಳ್ಯಾನ.”

“ಹಂಗಾದ್ರ ಖರೇ ಹೇಳಿದ ಸೊಸಿನ್ನ ಹೊರಗ ಹಾಕಿದ್ರಿ,” ಎಂದೆ ನಾನು. ಯಾರೂ ನಗಲಿಲ್ಲ. ನನಗೂ ನಗಿಸುವ ಮನಸ್ಸಿರಲಿಲ್ಲ, ಬಾಯಿಗೆ ಅಭ್ಯಾಸ.

ಗಾದೆಪ್ಪ ಒಂದು ಸಾಲು ಹೇಳಿದ. ಪ್ರವೀಣಕುಮಾರ್ ಒತ್ತಿದ. ಡೇಟಾಬೇಸ್ ಎದ್ದಿತು ಎಂದರು. ಪಾಲಾಕ್ಷಪ್ಪ ಕುರಿ ಚಿತ್ರ ತೆಗೆದು ಹೆಸರು ಕುಟ್ಟಿದ. ಕೆಂಪು ಪಟ್ಟಿ. ಒಳಗಿನವರು ಎದ್ದಿದ್ದಾರೆ, ಈಗ ಹೋಗಿ ಕೇಳುವ ಸೊಸೆಯೇ ಮನೆಯಲ್ಲಿಲ್ಲ. ಬೆಳಿಗ್ಗೆ ಸರಿಯಿದ್ದದ್ದು ಕಿತ್ತುಹೋಗಿತ್ತು, ಹೊಸದಾಗಿ ಇಳಿಸಿದ್ದು ಈಗಿನ ಲಿನಕ್ಸಿಗೆ ಸೇರಿದ್ದಂತೆ, ನಮ್ಮ ಮುದಿ ಲಿನಕ್ಸಿಗೆ ಒಗ್ಗದಂತೆ.

“ಆ ಫೈಲಿಗೆ ಬೇಕಾದ ಮತ್ತೊಂದು ಫೈಲು ನಿಮ್ಮಲ್ಲಿ ಇಲ್ಲ. ಅದಕ್ಕ ಇದನ್ನೂ ಇಲ್ಲ ಅಂತೈತಿ. ತಡಿ, ಹಳೇದು ಎಲ್ಲಿ...” ಎನ್ನುವಷ್ಟರಲ್ಲಿ ಗಾದೆಪ್ಪನ ಫೋನು ಸತ್ತಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಹೊರಗೆ ಯಾರದೋ ಕುರಿ ಒದರಿತು. ಪಾಲಾಕ್ಷಪ್ಪ ಎದ್ದು ನನಗೆ ನೀರು ತಂದುಕೊಟ್ಟ. ಲೋಟ ಹಿಡಿದವಳಿಗೆ ಅಕ್ಕನ ಬಿಗಿದ ತುಟಿ ಕಣ್ಣಿಗೆ ಬಂದು ಕುಡಿಯಲಾಗಲಿಲ್ಲ.

“ಹಾಲಕ್ಕ, ನೀನು ಮನಿಗೆ ಹೋಗು. ಸಿಕ್ಕ ಕೂಡಲೇ ಫೋನು ಮಾಡ್ತೀನಿ.”

“ಬರಿಗೈಲಿ ಹೋಗಿ ಏನಂತ ಹೇಳ್ಲಿ ಅಕಿಗೆ? ಪೆಟಿಗಿ ಮಲಗಿತ್ತು ಅನ್ಲೇನು?”

ಗಾದೆಪ್ಪ ಯಾರದೋ ಫೋನಿನಿಂದ ಮಾಡಿದ. ಉಸಿರು ಬಿಡುತ್ತಿದ್ದ, ಫೋನು ಕೊಡುವವರನ್ನು ಹುಡುಕಿಕೊಂಡು ಓಡಿದ್ದನೋ ಏನೋ.

“ಡ್ರೈವರ್ ಬಿಡ್ರಿ ಅತ್ತಾಗ. ಪ್ರೋಗ್ರಾಮ್ ಬ್ಯಾಡ, ಕುರಿ ಚಿತ್ರ ಬ್ಯಾಡ. ಕಪ್ಪು ಪರದಿಯಿಂದ ನೇರವಾಗಿ ಡೇಟಾಬೇಸ್ ಒಳಗ ಹೋಗಬಹುದು. ನನಗ ಆಗಲೇ ಹೊಳೀಬೇಕಿತ್ತು. ನಾ ಹೇಳಿದಂಗ ಒತ್ತು, ಪ್ರವೀಣ.”

ಅವನು ಹೇಳುತ್ತಾ ಹೋದ, ಇವನು ಒತ್ತುತ್ತಾ ಹೋದ. ಒಮ್ಮೆ ತಪ್ಪಿತು. ಇನ್ನೊಮ್ಮೆ ಗಂಟೆಯ ಸದ್ದಿಗೆ ಕೇಳಲಿಲ್ಲ. ಆಮೇಲೆ ಚಿತ್ರವಿಲ್ಲದೆ, ಬಣ್ಣವಿಲ್ಲದೆ ಒಂದು ಸಾಲು ಸುಮ್ಮನೆ ಬಂದು ನಿಂತಿತು. ಪ್ರವೀಣಕುಮಾರ್ ಓದಿದ.

“ಮೈಲಾರೇಶ್. ಹಲವಾಗಲು. ಹೊಲದವರು ಕನಕರಾಜ.” ನಂಬರನ್ನೂ ಓದಿದ.

ಇಷ್ಟೇ. ಬೆಳಿಗ್ಗೆಯಿಂದ ಹೊತ್ತು ಇಳಿಯುವ ತನಕ ನಾವು ಬಡಿದಾಡಿದ್ದು ಈ ಒಂದು ಗೇಣು ಸಾಲಿಗೆ.

*

ಕನಕರಾಜ ಎಂಬವರು ಒಂದೇ ರಿಂಗಿಗೆ ಎತ್ತಿದರು.

“ಹೌದ್ರಿ, ನಮ್ಮ ಹೊಲದಾಗ ಅದಾವ. ಈಗ ಹೊಳಿಗೆ ಹೊಡಕೊಂಡು ಹೋಗ್ಯಾನ ನೀರಿಗೆ. ಏನು ವಿಷಯ?”

ಹೇಳಿದೆ. ಅವರು ಮತ್ತೆ ಏನೂ ಕೇಳದೆ ಫೋನು ಹಿಡಿದುಕೊಂಡೇ ನಡೆದರು. ಅವರ ಚಪ್ಪಲಿಯ ಸದ್ದು ಕೇಳಿತು, ಆಮೇಲೆ ನಾಯಿ, ಆಮೇಲೆ ಕುರಿಗಳ ಗದ್ದಲ, ಆಮೇಲೆ ನಮ್ಮ ಮೈಲಾರಿ.

“ಯಾರು?”

“ನಾನಲೇ, ನಿನ್ನ ಚಿಗವ್ವ.”

“ಏನ್ ಚಿಗವ್ವ, ಇಲ್ಲಿ ತನಕ ಹುಡುಕಿದಿ? ಅವ್ವ ಹ್ಯಾಂಗದಾಳ?”

“ಬಾ ನೀನು.”

ಅವನು ನಕ್ಕ. “ಹೋದ ವರ್ಷ ಅವ್ವಗ ನೆಗಡಿ ಆದಾಗ ಉಸಿರು ನಿಂತೈತಿ ಬಾರಲೇ ಅಂದಿದ್ದಿ. ಈ ಸಲ ಏನು ನಿಂತೈತಿ?”

“ಏನೂ ಹೇಳಂಗಿಲ್ಲಪ್ಪ. ಬಾ.”

ಅವನ ನಗು ಅಲ್ಲಿಗೇ ನಿಂತಿತು.

“ಕುರಿ ಯಾರ ಕೈಗೆ ಕೊಡ್ಲಿ ಚಿಗವ್ವ? ಯಾರೂ ಇಲ್ಲ ಇಲ್ಲಿ.”

ಹಿಂಡು ಬಿಟ್ಟು ಬಂದರೆ ನಾಳೆ ಹಿಂಡಿಲ್ಲ. ಬಿಡದೆ ನಿಂತರೆ ಅವ್ವ ಇಲ್ಲ. ಪಕ್ಕದಿಂದ ಕನಕರಾಜರ ದನಿ ಕೇಳಿತು. “ಬೈಕ್ ತಗೊಂಡು ಹೋಗು. ನಾನೂ ನಮ್ಮಾಕಿನೂ ಹೊಲದಾಗ ಮಲಗ್ತೀವಿ. ನಾಯಿಗೆ ನಮ್ಮ ಗುರುತು ಹೇಳಿ ಹೋಗು.”

ಪ್ರವೀಣಕುಮಾರ್ ನನ್ನನ್ನು ಮನೆ ತನಕ ಬಿಟ್ಟ. ಇಳಿಯುವಾಗ, “ಅಜ್ಜಿ, ನಾ ಮೊದಲು ಒಳಗಿನದು ಎದ್ದೈತೋ ಇಲ್ಲೋ ಅಂತ ನೋಡ್ಬೇಕಿತ್ತು,” ಎಂದ.

“ನಿನ್ನ ಪ್ಯಾಂಟ್ ಸಡಿಲ ಇದ್ದಿದ್ರ ತಲಿಗೆ ರಕ್ತ ಏರ್ತಿತ್ತು,” ಎಂದೆ. ಬೆನ್ನು ಸವರಿ ಕಳಿಸಿದೆ. ಆ ಮಗು ಹಳೆಯ ಡ್ರೈವರ್ ಹುಡುಕಿ ಹಾಕುತ್ತೇನೆಂದು ಮತ್ತೆ ಸಂಘದ ಕಡೆಗೇ ಗಾಡಿ ತಿರುಗಿಸಿದ.

ಅಕ್ಕನ ಕಣ್ಣು ತೆರೆದೇ ಇತ್ತು. ನಾನು ಮುಂದೆ ಹೋಗಿ ನಿಂತೆ.

“ಯಕ್ಕಾ, ಬೇಗ ಬಂದೀನಿ ನೋಡು. ದಾರಿಯಾಗ ಯಾರ ಕೂಡನೂ ಮಾತಾಡಿಲ್ಲ. ಮೈಲಾರಿ ಹಲವಾಗಲಿಂದ ಹೊಂಟಾನ.”

ಆ ಕಣ್ಣು ನನ್ನನ್ನು ದಾಟಿ ಗೋಡೆಯನ್ನು ನೋಡುತ್ತಿತ್ತು. ಕೊಬ್ಬರಿ ಎಂದೆ, ಕೊಳತ ಕಾಯಿ ಎಂದೆ, ಬೈಸಿಕೊಳ್ಳಲು ನನಗೆ ಗೊತ್ತಿದ್ದುದನ್ನೆಲ್ಲ ಎಂದೆ. ಬಯ್ಯಲಿಲ್ಲ. ಉಸಿರು ಮಾತ್ರ ತೂತಿನ ತಿದಿಯಂತೆ ಒಳಗೆ ಹೊರಗೆ ಆಡುತ್ತಿತ್ತು. ರೇಣುಕಾ ಚಮಚ ಹಿಡಿದು ಹಾಗೆಯೇ ಕೂತಿದ್ದಳು. ಈಗ ತುಟಿ ಬಿಗಿದಿರಲಿಲ್ಲ. ಯಾರು ಬಿಟ್ಟರೂ ನೀರು ಹೋಗುವಂತಿತ್ತು. ಆದರೂ ಅವಳು ಬಿಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬೈಕಿನ ಸದ್ದಾಯಿತು. ಮೈಲಾರಿ ಮೈಯೆಲ್ಲ ದೂಳು ಹೊತ್ತು, ಹೆಗಲ ಮೇಲಿನ ಕಂಬಳಿಯನ್ನೂ ಇಳಿಸದೆ ಒಳಗೆ ಬಂದ. ಕುರಿಯ ವಾಸನೆ ಮನೆ ತುಂಬಿತು. ಬಾಗಿಲಲ್ಲಿ ನೆರಳು ಬಿದ್ದಾಗ ನಾನು ಅಕ್ಕನ ತಲೆಯನ್ನೇ ನೋಡುತ್ತಿದ್ದೆ. ಅದು ಏಳಲಿಲ್ಲ.

“ಅವ್ವ. ನಾ ಬಂದೀನಿ, ಅವ್ವ.”

ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡ. ಕಣ್ಣು ಅವನ ಮೇಲೆ ಬಂತು, ಹಾಗೆಯೇ ಜಾರಿ ಹೋಯಿತು. ಅವನು ನನ್ನನ್ನು ನೋಡಿದ.

“ಬೆಳಿಗ್ಗಿಂದ ನಿನ್ನಾ ಕೇಳ್ತಿದ್ಲು,” ಎಂದೆ. ಇದನ್ನು ಹೇಳಬಾರದಿತ್ತೋ ಏನೋ. ಹೇಳಿಬಿಟ್ಟೆ.

ರೇಣುಕಾ ಚಮಚವನ್ನು ಅವನ ಕೈಗೆ ಕೊಟ್ಟಳು. ಅವನು ಬಾಗುವಾಗ ಅರ್ಧ ನೀರು ಕಂಬಳಿಗೆ ಹೋಯಿತು. ಉಳಿದರ್ಧವನ್ನು ಅವಳ ಬಾಯಿಗೆ ಬಿಟ್ಟ. ನೀರು ಒಳಗೆ ನಿಂತಂತೆ ಮಾಡಿ, ತುಟಿಯ ಅಂಚಿನಿಂದ ಇಳಿದು, ಕೆನ್ನೆಯ ಸುಕ್ಕು ಹಿಡಿದು ದಿಂಬಿನ ಕಡೆಗೆ ಹರಿಯಿತು.

“ಕುಡಿದಳೇನು, ಚಿಗವ್ವ?”

ಅವನು ಕೂತಲ್ಲಿಂದ ಆ ಕಡೆಯ ಕೆನ್ನೆ ಕಾಣುತ್ತಿರಲಿಲ್ಲ. ನಾನು ಸೆರಗಿನಿಂದ ಅದನ್ನು ಒರೆಸಿದೆ.

“ಇನ್ನೊಂದು ಹನಿ ಬಿಡು,” ಎಂದೆ.